ಇಪ್ಪತ್ತನೇ ನಂಬರಿನ ರಾಗಿ

ಸಸಿ ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯಲು ಮಧ್ಯಾಹ್ನದ ಹೊತ್ತು ಹೋಗಬೇಡಿ. ಪ್ರಯೋಗ ಫಾರಂಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಇನ್ನೊಂದು ಮಾತೂ ಇದೆ, ಅದು ಊಟದ ಡಬ್ಬಿಗೆ ಸಂಬಂಧಪಟ್ಟದ್ದು. ಮೊದಲನೆಯದನ್ನು ಯಾರಾದರೂ ಮೇಲಧಿಕಾರಿ ನಿಮಗೆ ಹೇಳಿಯೇ ಹೇಳುತ್ತಾರೆ. ಎರಡನೆಯದನ್ನು ಹೇಳುವವರು ಸಿಕ್ಕುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ಪುಟ್ಟಸ್ವಾಮಿ, ಊರು ಹೊಳಲು. ಮದ್ದೂರಿನ ಹೊರಗಿದ್ದ ಒಂದು ಸಣ್ಣ ಪ್ರಯೋಗ ಫಾರಂಗೆ ಕ್ಷೇತ್ರ ಸಹಾಯಕನಾಗಿ ಸೇರಿದೆ, ಕ್ಷೇತ್ರ ಸಹಾಯಕನಾಗಿಯೇ ನಿವೃತ್ತನಾದೆ. ಆದ್ದರಿಂದ ಬಡ್ತಿಯ ಅಧ್ಯಾಯ ಬರೆಯುವ ಶ್ರಮ ನನಗಿಲ್ಲ, ಓದುವ ಶ್ರಮ ನಿಮಗೂ ಇಲ್ಲ. ನನ್ನ ಕೆಲಸ ಇಷ್ಟೇ: ಕುಂಡಗಳಲ್ಲಿ ರಾಗಿ ಸಸಿ ಬೆಳೆಸುವುದು, ಅವು ಎಳೆಯವಾಗಿರುವಾಗಲೇ ನೀರು ನಿಲ್ಲಿಸುವುದು, ಅವು ಬಾಡುವುದನ್ನು ದಿನಾ ನೋಡಿ ಬರೆಯುವುದು, ಆಮೇಲೆ ನೀರು ಕೊಟ್ಟು ಯಾವುದು ಏಳುತ್ತದೆ ಎಂದು ಕಾಯುವುದು. ಇದನ್ನು ನಮ್ಮವ್ವನಿಗೆ ವಿವರಿಸಿದಾಗ ಅವಳು ಕೆನ್ನೆಗೆ ಕೈ ಹೊತ್ತುಕೊಂಡಳು. "ನೀರ್ ಉಯ್ದೆ ಇರಾದೂ ಒಂದು ಕೆಲ್ಸವೇನ್ಲಾ? ಅದ್ಕೂ ಓದ್ಬೇಕೇನ್ಲಾ?" ಎಂದಳು. ನಾಲೆಯ ನೀರಲ್ಲಿ ಭತ್ತ, ಕಬ್ಬು ಬೆಳೆದ ಮನೆ ನಮ್ಮದು. ಒಣಗುವುದು ಎಂದರೇನು ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸೇರಿದ ಮೊದಲ ಬೇಸಿಗೆಯಲ್ಲೇ ನಾನು ಎಡವಟ್ಟು ಮಾಡಿದೆ. ನೀರು ನಿಲ್ಲಿಸಿದ ನಾಲ್ಕನೆಯ ದಿನ ಊಟ ಮುಗಿಸಿ ಕುಂಡಗಳ ಕಡೆ ಹೋದರೆ, ಎಲ್ಲ ಸಸಿಗಳ ಎಲೆಯೂ ಬೀಡಿಯ ಹಾಗೆ ಸುರುಟಿಕೊಂಡಿತ್ತು. ನಾನು ಗಾಬರಿಯಾಗಿ ಪುಸ್ತಕದಲ್ಲಿ ಸಾಲಾಗಿ "ಬಾಡಿದೆ, ಬಾಡಿದೆ, ಬಾಡಿದೆ" ಎಂದು ಬರೆದು ಸಹಿ ಹಾಕಿ, ಜಯರಾಮ್ ಸಾರ್ ಮೇಜಿನ ಮೇಲಿಟ್ಟೆ. ಜಯರಾಮ್ ಸಾರ್ ನಮ್ಮ ವಿಜ್ಞಾನಿ. ಮೈಸೂರಿನ ಕಡೆಯವರು, ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಆ ದಿನವೂ ಇಟ್ಟರು.

"ಮಧ್ಯಾಹ್ನ ಎರಡು ಗಂಟೆಗೆ ನೀನು ಹೇಗಿರ್ತೀಯ ಪುಟ್ಟಸ್ವಾಮಿ? ಕಣ್ಣು ಮುಚ್ಚಿ, ಬಾಯಿ ಬಿಟ್ಕೊಂಡು ಗೋಡೆಗೆ ಒರಗಿರ್ತೀಯ. ನಿನ್ನನ್ನ ಸತ್ತ ಅಂತ ಬರ್ಕೊಳ್ಳೋಣವೇ?"

ಮಾರನೆಯ ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಬಾ ಎಂದರು. ಬಂದು ನೋಡಿದರೆ ಎಲ್ಲ ಎಲೆಗಳೂ ಬಿಚ್ಚಿಕೊಂಡು ಹಾಯಾಗಿದ್ದವು. ಬಿಸಿಲಿಗೆ ಎಲೆ ಸುರುಟುವುದು ಸಾಯುವುದಲ್ಲ, ಇರುವ ನೀರನ್ನು ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವ ಉಪಾಯ. ಬೆಳಗಿನ ತಂಪಿನಲ್ಲೂ ಬಿಚ್ಚದಿದ್ದರೆ ಆಗ ಸಸಿಗೆ ಕಷ್ಟ ಬಂದಿದೆ ಎಂದು ಬರೆಯಬೇಕು. ಅಂದಿನಿಂದ ಬೇಸಿಗೆಯ ತಿಂಗಳುಗಳಲ್ಲಿ ನಾನು ಹೊಳಲಿನಿಂದ ಹೊರಡುವಾಗ ಕೋಳಿ ಕೂಗಿರುತ್ತಿತ್ತು ಅಷ್ಟೆ.

ನೀರು ನಿಲ್ಲಿಸುವುದನ್ನು ಸಾರ್ ಕಲಿಸಿದರು, ಕೊಡುವುದನ್ನು ಕಲಿಸಿದವಳು ಚಿಕ್ಕತಾಯಮ್ಮ. ಫಾರಂಗೆ ದಿನಗೂಲಿಗೆ ಬರುತ್ತಿದ್ದ ಐದು ಜನ ಹೆಂಗಸರಲ್ಲಿ ಅವಳೇ ಹಿರಿಯಳು, ನನ್ನ ವಾರಗೆಯವಳು. ತವರು ಬೆಳಕವಾಡಿ ಕಡೆ, ಮಳೆಯನ್ನೇ ನಂಬಿದ ಹೊಲದವರು. ಕೊಟ್ಟದ್ದು ನಮ್ಮ ಫಾರಂ ಪಕ್ಕದ ಹಳ್ಳಿಗೆ. ಮೊದಲ ವರ್ಷ ಒಣಗಿದ ಕುಂಡಗಳಿಗೆ ಮತ್ತೆ ನೀರು ಕೊಡುವ ದಿನ ನಾನು ಬಕೆಟ್ ಎತ್ತಿ ಒಂದೊಂದಕ್ಕೂ ಧಾರಾಳವಾಗಿ ಸುರಿದೆ. ಕುಂಡದ ತಳದಿಂದ ನೀರು ದಡದಡ ಹರಿಯಿತು. ಎಲ್ಲಕ್ಕೂ ಹೊಟ್ಟೆ ತುಂಬಿತು ಎಂದುಕೊಂಡು ನಾನು ಕೈ ಝಾಡಿಸಿದೆ.

ಚಿಕ್ಕತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಅಲ್ಲ ಸ್ವಾಮಣ್ಣ, ಯಾರ್ಗೆ ಕೊಟ್ರಿ ನೀರ? ನೆಲುಕ್ಕಾ?" ಎಂದಳು. ಒಂದು ಕುಂಡ ಎತ್ತಿ ಬೆರಳಲ್ಲಿ ತೋರಿಸಿದಳು. ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿತ್ತು. ನಾನು ಸುರಿದ ನೀರೆಲ್ಲ ಆ ಸಂದಿಯಲ್ಲಿ ಇಳಿದು ಹೋಗಿತ್ತು, ಬೇರಿನ ಸುತ್ತ ಮಣ್ಣು ಬೂದಿಯಂತೆ ಹಾಗೇ ಇತ್ತು. "ಉಪಾಸ ಇದ್ದೋರ್ಗೆ ಒಂದೇ ಸಲ ಉಣ್ಣಾಕಿಕ್ತಾರಾ? ಚಿಮುಕುಸ್ಬೇಕು, ಬುಡ್ಬೇಕು. ತಿರ್‌ಗಾ ಚಿಮುಕುಸ್ಬೇಕು, ಬುಡ್ಬೇಕು. ಅದು ನಂಬ್ಬೇಕು ಕಣಣ್ಣ, ನೀರು ಬಂತು ಅಂತ."

ಅದು ನಂಬಬೇಕು ಎಂಬ ಮಾತನ್ನು ನಾನು ಸಾರ್‌ಗೆ ಹೇಳಿದಾಗ ಅವರು ನಕ್ಕರು, ಆದರೆ ಮೂರು ಸಲ ಬಿಟ್ಟು ಬಿಟ್ಟು ನೀರು ಕೊಡುವ ಕ್ರಮವನ್ನು ಅಂದೇ ಪುಸ್ತಕಕ್ಕೆ ಸೇರಿಸಿದರು.

ಈಗ ಆ ಇಪ್ಪತ್ತನೇ ನಂಬರಿನ ಕಥೆ. ಇದು ನಾನು ನಿವೃತ್ತನಾಗುವ ಕೆಲವು ವರ್ಷ ಮುಂಚಿನದು. ಎಲ್ಲೆಲ್ಲಿಂದಲೋ ತಂದ ಇಪ್ಪತ್ತು ಬಗೆಯ ರಾಗಿ, ಒಂದೊಂದಕ್ಕೆ ನಾಲ್ಕು ಕುಂಡ. ಮಳೆ ಬೀಳದ ಹಾಗೆ ಮೇಲೆ ಪ್ಲಾಸ್ಟಿಕ್ ಚಾವಣಿ. ಎಳೆ ಸಸಿಯಲ್ಲಿ ಬರ ತಡೆಯುವ ಬಗೆ ಯಾವುದೆಂದು ಕಂಡುಹಿಡಿದು, ಮಳವಳ್ಳಿ ಕಡೆಯ ಕೆಲವು ಹೊಲಗಳಲ್ಲಿ ಅದನ್ನು ಬಿತ್ತಿಸಿ ನೋಡಬೇಕು ಎಂಬುದು ಜಯರಾಮ್ ಸಾರ್ ಅವರ ಬಹು ದಿನದ ಆಸೆ. ಅಲ್ಲಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮೂರು ವಾರ ತಲೆ ಎತ್ತಿ ನೋಡುವುದೇ ಕೆಲಸ. ಆ ಮೂರು ವಾರ ದಾಟುವ ಸಸಿ ಸಿಕ್ಕರೆ ಸಾಕು ಎನ್ನುತ್ತಿದ್ದರು. ಚಿಕ್ಕತಾಯಮ್ಮನ ಅಣ್ಣ ಮಾದಯ್ಯನೂ ಹೊಲ ಕೊಡಲು ಒಪ್ಪಿದ್ದ.

ಯಾವ ಕುಂಡ ಎಲ್ಲಿರಬೇಕು ಎಂದು ಸಾರ್ ಚೀಟಿ ಎತ್ತಿ ನಿರ್ಧರಿಸಿದರು. ಒಂದೇ ನಂಬರಿನ ನಾಲ್ಕು ಕುಂಡ ನಾಲ್ಕು ಕಡೆ ಚದುರಿ ಕೂತವು. ಒಂದು ಮೂಲೆಯಲ್ಲಿ ಬಿಸಿಲು ಜಾಸ್ತಿ, ಇನ್ನೊಂದರಲ್ಲಿ ಗಾಳಿ ಜಾಸ್ತಿ, ಹಾಗಾಗಿ ಯಾವ ಬಗೆಗೂ ಅನ್ಯಾಯವಾಗಬಾರದು ಎಂದು ಈ ಏರ್ಪಾಡು. ಆದರೆ ಎಂಬತ್ತು ಕುಂಡಗಳನ್ನು ದಿನಾ ಬೆಳಿಗ್ಗೆ ತಕ್ಕಡಿಗೆ ಹೊತ್ತು ತೂಕ ಬರೆಯಬೇಕಾದವನು ನಾನು. ಏಳನೇ ನಂಬರಿನದು ಒಂದು ಇಲ್ಲಿ, ಒಂದು ಅಲ್ಲಿ, ಪುಸ್ತಕದ ಹಾಳೆ ತಿರುವಿ ತಿರುವಿ ಸಾಕಾಯಿತು. ಮೂರನೆಯ ದಿನ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ ಜೋಡಿಸಿಬಿಟ್ಟೆ. ನಾಲ್ಕು ಒಂದು, ನಾಲ್ಕು ಎರಡು, ಹೀಗೆ. ತೂಕದ ಕೆಲಸ ಮೊದಲಿನ ಅರ್ಧ ಹೊತ್ತಿನಲ್ಲಿ ಮುಗಿಯತೊಡಗಿತು. ಸಾರ್ ಬಂದಾಗ ಸಸಿ ನೋಡುತ್ತಿದ್ದರು, ಪುಸ್ತಕ ನೋಡುತ್ತಿದ್ದರು. ಕುಂಡದ ಜಾಗ ಬದಲಾದದ್ದು ಅವರ ಗಮನಕ್ಕೆ ಬರಲಿಲ್ಲ.

ಸಾಲಿನ ಕೊನೆಗೆ ಇಪ್ಪತ್ತನೇ ನಂಬರು. ಅದರ ಪಕ್ಕದಲ್ಲೇ ಒಂದು ಹೊಂಗೆ ಮರ. ನಾವೆಲ್ಲ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದದ್ದು ಆ ಮರದ ಕೆಳಗೆ.

ದಿನ ಕಳೆದಂತೆ ಇಪ್ಪತ್ತನೇ ನಂಬರು ನಮ್ಮನ್ನು ಬೆರಗುಗೊಳಿಸಿತು. ಸುತ್ತಲಿನ ಸಸಿಗಳು ಬೆಳಗಿನಲ್ಲೂ ಎಲೆ ಬಿಚ್ಚದೆ, ತುದಿಯಿಂದ ಸುಟ್ಟುಕೊಂಡು ಬರುತ್ತಿದ್ದರೆ ಅದು ಮಾತ್ರ ಹಸಿರಾಗಿ ನಿಂತಿತ್ತು. ತೂಕ ಹಾಕಿದರೆ ಇನ್ನೂ ಆಶ್ಚರ್ಯ. ಬೇರೆ ಕುಂಡಗಳು ದಿನದಿನಕ್ಕೆ ಹಗುರಾಗುತ್ತಿದ್ದವು, ಇದು ಇಳಿಯುತ್ತಿದ್ದದ್ದು ತೀರಾ ಕಡಿಮೆ. "ಎಂಥ ಮಿತವ್ಯಯದ ಸಸಿ ನೋಡು! ನೀರನ್ನ ಹನಿಹನಿಯಾಗಿ ಖರ್ಚು ಮಾಡ್ತಾ ಇದೆ," ಎಂದು ಸಾರ್ ಅದರ ಎಲೆ ಸವರಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. ಒಂದು ದಿನ ಆ ಕುಂಡಗಳ ಸುತ್ತ ಇರುವೆ ಸಾಲು ಹರಿದಿತ್ತು, ಸಾರ್ ಅದನ್ನು ಕಂಡೂ ದಾಟಿಕೊಂಡು ಹೋದರು. ಇನ್ನೊಂದು ದಿನ ಮಣ್ಣಿನ ಮೇಲೆ ಒಂದು ಕರಿಬೇವಿನ ಎಲೆ ಬಿದ್ದಿತ್ತು. ನಾನು ಎಲೆಯನ್ನು ಎತ್ತಿ ಬಿಸಾಡಿದೆ, ಗಾಳಿಗೆ ಬಂದಿರಬೇಕು ಎಂದುಕೊಂಡೆ. ಫಾರಂನಲ್ಲಿ ಒಂದಾದರೂ ಕರಿಬೇವಿನ ಗಿಡವಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಏಳನೇ ನಂಬರಿನದು ತದ್ವಿರುದ್ಧ. ಎಲ್ಲಕ್ಕಿಂತ ಮೊದಲು ಮಲಗಿತು. ಎಲೆಗಳನ್ನು ಒಂದೊಂದಾಗಿ ಒಣಗಿಸಿಕೊಂಡು ಹುಲ್ಲಿನ ಕಡ್ಡಿಯಂತಾಯಿತು. ಮತ್ತೆ ನೀರು ಕೊಡುವ ಹಿಂದಿನ ದಿನ ಚಾವಣಿಯ ಕೆಳಗೆ ಸ್ವಚ್ಛ ಮಾಡುವಾಗ, ಸತ್ತದ್ದಕ್ಕೆ ನೀರೇಕೆ ಎಂದು ನಾನೇ ಆ ನಾಲ್ಕು ಕುಂಡಗಳನ್ನು ಬೋರಲು ಹಾಕಿ, ಮಣ್ಣಿನ ಹೆಂಟೆ ಸಮೇತ ಶೆಡ್ಡಿನ ಹಿಂದಿನ ತಿಪ್ಪೆಗೆ ಎಸೆದೆ. ಪುಸ್ತಕದಲ್ಲಿ ಮಾತ್ರ "ನೀರು ಕೊಟ್ಟರೂ ಏಳಲಿಲ್ಲ" ಎಂದು ಬರೆದೆ. ಒಂದು ದಿನ ಮುಂಚೆ ಬರೆದರೆ ಏನು ಮಹಾ ಎನ್ನಿಸಿತ್ತು. ಮರುದಿನ ಸಂಜೆ ಒಳ್ಳೆ ಮಳೆ ಬಂತು.

ವಾರವಾದ ಮೇಲೆ ಚಿಕ್ಕತಾಯಮ್ಮ ಸೆರಗಿನಲ್ಲಿ ಒಂದು ಹೆಂಟೆ ಇಟ್ಟುಕೊಂಡು ಬಂದಳು. ಏಳು ಎಂದು ಬರೆದ ಗುರುತಿನ ಕಡ್ಡಿ ಅದಕ್ಕೆ ಇನ್ನೂ ಚುಚ್ಚಿಕೊಂಡಿತ್ತು. ಒಣಗಿದ ಎಲೆಗಳ ನಡುವಿನ ಸುಳಿಯಿಂದ ಕಿರುಬೆರಳುದ್ದದ ಹಸಿರು ಎಲೆ ಮೇಲೆದ್ದಿತ್ತು.

"ಸತ್ತಿಲ್ಲ ಕಣಣ್ಣ, ಮುನುಸ್ಕಂಡಿತ್ತು ಅಷ್ಟೆಯ," ಎಂದಳು.

"ತಿಪ್ಪೆ ಮೇಲಿಂದು ಲೆಕ್ಕಕ್ಕೆ ಬರಲ್ಲ ಕಣಮ್ಮ, ಬಿಸಾಕು ಅತ್ಲಾಗೆ," ಎಂದೆ. ಸಾರ್ ಆಗಲೇ ಇಪ್ಪತ್ತನೇ ನಂಬರಿನ ಮೇಲೆ ವರದಿ ಬರೆಯುತ್ತಿದ್ದರು. ಅವಳು ಬಿಸಾಡಲಿಲ್ಲ. ಪಂಪ್‌ಹೌಸಿನ ಪಕ್ಕ ಒಂದು ಒಡೆದ ಕುಂಡದಲ್ಲಿ ನೆಟ್ಟುಕೊಂಡಳು.

ಮುಂಗಾರು ಹತ್ತಿರವಾಯಿತು. ಉಗ್ರಾಣದಲ್ಲಿದ್ದ ಇಪ್ಪತ್ತನೇ ನಂಬರಿನ ಬೀಜ ಚೀಲಗಳಿಗೆ ತುಂಬಿ ಮಳವಳ್ಳಿ ಕಡೆಗೆ ಹೋಯಿತು. ಮಾದಯ್ಯನ ಮನೆಗೂ ಒಂದು ಚೀಲ ತಲುಪಿತು. ಇಪ್ಪತ್ತನೇ ನಂಬರಿನ ಕುಂಡಗಳು ಮಾತ್ರ, ಇನ್ನೂ ಹೇಗೆ ಬೆಳೆಯುತ್ತವೆ ನೋಡೋಣ ಎಂದು, ಅದೇ ಜಾಗದಲ್ಲಿ ಇದ್ದವು.

ಆ ದಿನ ಊಟಕ್ಕೆ ಮುದ್ದೆ, ಉಪ್ಸಾರು. ಉಂಡು ಮುಗಿಸಿದ ಚಿಕ್ಕತಾಯಮ್ಮ ಎದ್ದು ಚೊಂಬು ತೆಗೆದುಕೊಂಡು, ಸಾಲಿನ ತುದಿಗೆ ಹೋಗಿ, ಇಪ್ಪತ್ತನೇ ನಂಬರಿನ ಕುಂಡದ ಮೇಲೆ ಕೈ ತೊಳೆದಳು. ಅವಳ ಹಿಂದೆ ಇನ್ನೊಬ್ಬಳು ಪಕ್ಕದ ಕುಂಡದ ಮೇಲೆ ತೊಳೆದಳು. ಬರೀ ನೆಲಕ್ಕೆ ಕೈ ತೊಳೆಯುವುದು ನಮ್ಮ ಕಡೆ ಯಾರಿಗೂ ರೂಢಿಯಿಲ್ಲ. ಎಂಜಲು ಕೈಯ ನೀರಾದರೂ ಒಂದು ಗಿಡದ ಬುಡಕ್ಕೆ ಹೋಗಬೇಕು. ಮನೆಯಲ್ಲಿ ಕರಿಬೇವಿಗೋ, ಬಾಳೆಗೋ, ಹೊಲದಲ್ಲಿ ಎದುರಿಗೆ ಸಿಕ್ಕ ಪೈರಿಗೋ. ನೋಡುತ್ತ ಕೂತಿದ್ದ ನನಗೆ ತಲೆಯ ಮೇಲೆ ಕಲ್ಲು ಬಿದ್ದ ಹಾಗಾಯಿತು. ಕರಿಬೇವಿನ ಎಲೆ, ಇರುವೆ, ಇಳಿಯದ ತೂಕ, ಎಲ್ಲ ಒಟ್ಟಿಗೆ ನೆನಪಾಯಿತು.

"ಏನಮ್ಮ ಮಾಡ್ತಿದ್ದೀಯ! ಬರದ ಕುಂಡಕ್ಕೆ ನೀರು ಹಾಕಿ ಇಡೀ ಪ್ರಯೋಗನೇ ಹಾಳು ಮಾಡಿದ್ರಲ್ಲ! ದಿನಾ ಇಲ್ಲೇ ಏನು ಕೈ ತೊಳೆಯೋದು?" ಎಂದು ಕೂಗಾಡಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಸ್ವಾಮಣ್ಣ, ನೀವೂ ಅಲ್ಲೇ ಅಲ್ವಾ ತೊಳಿಯಾದು?"

ನಾನು ನನ್ನ ಕೈ ನೋಡಿಕೊಂಡೆ. ಒದ್ದೆಯಾಗಿತ್ತು. ಅವಳಿಗಿಂತ ಮುಂಚೆ ಉಂಡು, ಅವಳಿಗಿಂತ ಮುಂಚೆ ಎದ್ದು ಅದೇ ಕುಂಡಕ್ಕೆ ಕೈ ತೊಳೆದು ಬಂದು ಕೂತಿದ್ದೆ. ಆ ಕುಂಡಗಳಿಗೆ ನೀರು ಕೊಟ್ಟಿಲ್ಲ ಎಂದು ನೀರು ನಿಲ್ಲಿಸಿದಷ್ಟು ದಿನವೂ ಬರೆದು ಸಹಿ ಹಾಕಿದ ಕೈ ಅದು.

ಚಿಕ್ಕತಾಯಮ್ಮ ಮೆಲ್ಲಗೆ ಕೂತಳು. ಅವಳ ಯೋಚನೆ ಆಗಲೇ ತವರಿಗೆ ಹೋಗಿತ್ತು. "ಅಂಗಾದ್ರೆ ಅದು ನಮ್ಮ ಕೈ ನೀರು ಕುಡ್ಕಂಡು ಬದುಕ್ತು. ನಮ್ಮಣ್ಣನ ಒಲ್ದಲ್ಲಿ ಯಾರು ಓಗಿ ಕೈ ತೊಳ್ದಾರು? ಓಗಿ ಸಾರ್‌ಗೆ ಏಳ್ಬುಡಿ ಅಣ್ಣ. ಬೈದ್ರೆ ಬೈಸ್ಕತೀವಿ."

ನಾನು ಹೋದೆ, ಹೇಳಿದೆ. ಆದರೆ ಏನು ಹೇಳಿದೆ ಕೇಳಿ. "ಸಾರ್, ಹೆಂಗಸರು ಗೊತ್ತಿಲ್ಲದೆ ಕುಂಡದ ಮೇಲೆ ಕೈ ತೊಳೆದುಬಿಟ್ಟಿದ್ದಾರೆ," ಎಂದೆ. ನನ್ನ ಕೈ ಬಗ್ಗೆ ಬಾಯಿ ಬರಲಿಲ್ಲ. ಕುಂಡ ಸಾಲಾಗಿ ಜೋಡಿಸಿದ ವಿಷಯ ಬರಲಿಲ್ಲ. ಏಳನೇ ನಂಬರನ್ನು ತಿಪ್ಪೆಗೆ ಎಸೆದದ್ದಂತೂ ಬರಲೇ ಇಲ್ಲ. ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆಯಿಂದ ಆ ಹೆಂಗಸರನ್ನು ಕರೆಯಬೇಡ ಎಂದರು. ನಾನು ಆಗಲಿ ಸಾರ್ ಎಂದೆ. ಐದು ಜನರಿಗೂ ಬೇಡ ಎಂದು ನಾನೇ ಹೋಗಿ ಹೇಳಿದೆ. ಚಿಕ್ಕತಾಯಮ್ಮ ಚೊಂಬನ್ನು ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಹೋದಳು.

ಮಾರನೆಯ ದಿನ ಸಾರ್ ಉತ್ಸಾಹದಿಂದ ಬಂದರು. "ರಾತ್ರಿಯೆಲ್ಲ ಯೋಚನೆ ಮಾಡ್ದೆ ಪುಟ್ಟಸ್ವಾಮಿ. ಕುಂಡಗಳನ್ನ ನಾವು ಕಲಸಿ ಇಟ್ಟಿದ್ದೆವಲ್ಲ? ಅವರು ಮರದ ಹತ್ತಿರ ಕೈ ತೊಳೆದಿದ್ರೂ ಆ ನೀರು ಹತ್ತಾರು ನಂಬರಿಗೆ ಹಂಚಿಹೋಗಿರುತ್ತೆ. ಇಪ್ಪತ್ತಕ್ಕೆ ಮಾತ್ರ ಬಿದ್ದಿರೋದು ಸಾಧ್ಯವೇ ಇಲ್ಲ. ನಾಲ್ಕು ಕಡೆ ಇದ್ದ ನಾಲ್ಕೂ ಕುಂಡ ಬದುಕಿದೆ ಅಂದ್ರೆ ಆ ತಳಿ ನಿಜಕ್ಕೂ ಗಟ್ಟಿ. ಬೀಜ ವಾಪಸ್ ತರಿಸೋದು ಬೇಡ, ಬಿತ್ತಲಿ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ನಿರಾಳವಾಯಿತು. ನನ್ನ ತಪ್ಪನ್ನು ಅವರೇ ಮುಚ್ಚಿಬಿಟ್ಟರು ಎನ್ನಿಸಿತು. ಊಟದ ಹೊತ್ತಿಗೆ ಆ ನಿರಾಳ ಇಳಿದುಹೋಯಿತು. ಹೊಂಗೆ ಮರದ ಕೆಳಗೆ ಒಬ್ಬನೇ ಕೂತು ಡಬ್ಬಿ ಬಿಚ್ಚಿದವನು ಹಾಗೇ ಮುಚ್ಚಿಟ್ಟೆ. ಯಾರು ಓಗಿ ಕೈ ತೊಳ್ದಾರು ಎಂದ ಅವಳ ಮಾತೇ ಕಿವಿಯಲ್ಲಿ. ಹೀಗೆ ಎಂಟು ದಿನ ಕಳೆದೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ನಿವೃತ್ತಿಗೆ ಹತ್ತಿರ ಬಂದವನು, ಇಷ್ಟು ವರ್ಷ ಉಳಿಸಿಕೊಂಡ ಹೆಸರು, ಇಂಥವೇ ನೂರು ನೆಪ.

ಎಂಟನೆಯ ದಿನ ಪಂಪ್‌ಹೌಸಿನ ಕಡೆ ಹೋದಾಗ ಅವಳ ಒಡಕು ಕುಂಡ ಕಣ್ಣಿಗೆ ಬಿತ್ತು. ನೀರು ಹಾಕುವವರಿಲ್ಲದೆ ಏಳನೇ ನಂಬರಿನ ಸಸಿ ಮತ್ತೆ ಎಲೆ ಸುರುಟಿಕೊಂಡು ಕೂತಿತ್ತು. ನಾನು ಅವಳು ಹೇಳಿಕೊಟ್ಟಂತೆ ನೀರು ಚಿಮುಕಿಸಿದೆ, ಬಿಟ್ಟೆ, ಮತ್ತೆ ಚಿಮುಕಿಸಿದೆ. ಬುಡ ಬಿಡಿಸಿ ನೋಡಿದರೆ ಪಕ್ಕದಿಂದ ಮೂರು ಹೊಸ ಮರಿ, ನಾವು ತೆಂಡೆ ಎನ್ನುತ್ತೇವೆ, ಒಡೆದಿತ್ತು. ನಾನು ಸತ್ತಿತು ಎಂದು ಬರೆದ ಸಸಿ. ಕುಂಡವನ್ನು ಎತ್ತಿಕೊಂಡು ನೆಟ್ಟಗೆ ಸಾರ್ ಕೋಣೆಗೆ ಹೋದೆ, ಮೇಜಿನ ಮೇಲಿಟ್ಟೆ.

"ಸಾರ್, ಕುಂಡಗಳು ನೀವು ಇಟ್ಟ ಹಾಗೆ ಇರಲಿಲ್ಲ. ತೂಕಕ್ಕೆ ಸಲೀಸಾಗಲಿ ಅಂತ ನಾನು ನಂಬರಿನ ಪ್ರಕಾರ ಜೋಡಿಸಿಬಿಟ್ಟಿದ್ದೆ. ಇಪ್ಪತ್ತು ನಾಲ್ಕೂ ಮರದ ಹತ್ತಿರವೇ ಇತ್ತು. ಅಲ್ಲಿ ಕೈ ತೊಳೆದವರಲ್ಲಿ ನಾನೂ ಒಬ್ಬ. ಇದು ಏಳನೇ ನಂಬರು. ನೀರು ಕೊಡೋ ಮುಂಚೆನೇ ತಿಪ್ಪೆಗೆ ಹಾಕಿದ್ದೆ. ಏಳಲಿಲ್ಲ ಅಂತ ಬರೆದದ್ದು ಸುಳ್ಳು."

ಸಾರ್ ಕನ್ನಡಕ ತೆಗೆಯಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

"ಎಂಟು ದಿನದಿಂದ ನಿನಗೆ ಗೊತ್ತಿತ್ತು."

"ಹೌದು ಸಾರ್."

"ಆ ಹೆಣ್ಣುಮಕ್ಕಳು ಎಂಟು ದಿನದಿಂದ ಮನೇಲಿ ಕೂತಿದ್ದಾರೆ."

"ಹೌದು ಸಾರ್."

ಅವರು ಪುಸ್ತಕ ನನ್ನ ಕಡೆ ತಳ್ಳಿದರು. "ಈಗ ಹೇಳಿದ್ದನ್ನೆಲ್ಲ ಬರಿ. ಹಳೇದನ್ನ ಹೊಡೆದು ಹಾಕಬೇಡ, ಅದೂ ಕಾಣ್ತಿರಲಿ. ಬರೆದು ಸಹಿ ಹಾಕು." ನಾನು ಬರೆಯುತ್ತಿರುವಾಗ ಅವರು ಏಳನೇ ನಂಬರಿನ ಸುಳಿಯನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. "ಇರುವೆ ಬಂದಾಗ ನಾನೂ ಬಗ್ಗಿ ನೋಡಬೇಕಿತ್ತು. ಇಷ್ಟವಾದ ಉತ್ತರ ಸಿಕ್ಕಿತ್ತು, ನೋಡಲಿಲ್ಲ," ಎಂದರು. ನಾನು ಸಹಿ ಹಾಕಿದ ಕೆಳಗೆ ಆ ಮಾತನ್ನೂ ಬರೆದು ಅವರೂ ಸಹಿ ಹಾಕಿದರು. ಇಂಥ ಮೇಲಧಿಕಾರಿಯ ಕೈಕೆಳಗೆ ದುಡಿದೆ ಎಂಬುದು ನನ್ನ ಹೆಮ್ಮೆ.

ಬೀಜ ತೆಗೆದುಕೊಂಡವರಿಗೆಲ್ಲ ಸಾರ್ ಅಲ್ಲೇ ಕೂತು ಫೋನ್ ಮಾಡಿದರು. ಸಿಕ್ಕವರು ಯಾರೂ ಇನ್ನೂ ಬಿತ್ತಿರಲಿಲ್ಲ. ಮಾದಯ್ಯನ ಫೋನು ಹೋಗಲಿಲ್ಲ. ಚಿಕ್ಕತಾಯಮ್ಮನಿಗೆ ನಾನು ಮಾಡಿದೆ, ಅವಳು ಎತ್ತಲಿಲ್ಲ. ಮದ್ದೂರಿನಿಂದ ಮಳವಳ್ಳಿ, ಮಳವಳ್ಳಿಯಿಂದ ಬೆಳಕವಾಡಿ ರಸ್ತೆ ಹಿಡಿದು ಬಸ್ಸಿನಲ್ಲಿ ಹೋದೆ. ಕೆಲಸವಿಲ್ಲದೆ ಅವಳೂ ತವರಿಗೆ ಬಂದು ಬಿತ್ತನೆಗೆ ಕೈಹಾಕಿದ್ದಳು. ಹೊಲದ ಬದುವಿನಲ್ಲಿ ಅಣ್ಣ ತಂಗಿ ಇಬ್ಬರೂ ಸಿಕ್ಕರು.

ವಿಷಯ ಕೇಳಿದ ಮಾದಯ್ಯ ಟವೆಲು ತೆಗೆದು ಮುಖ ಒರೆಸಿಕೊಂಡ. "ಮೊನ್ನೆ ಮಳೆ ಬಿದ್ದು ಅದ ಬಂತು, ಬಿತ್ತುಬುಟ್ಟೆ ಕಣ್ರೀ. ಕೆಳಗ್ಲ ಪಟ್ಟೀಲಿ ನಿಮ್ದು, ಮ್ಯಾಗ್ಲ ಪಟ್ಟೀಲಿ ನಮ್ಮ ಮನೆ ರಾಗಿ. ಇವ್ಳು ಬಡ್ಕಂಡ್ಲು, ಬ್ಯಾಡ ಅಣ್ಣ, ಅದು ಸುಳ್ಳು ಬೀಜ ಅಂತವ. ಕೆಲ್ಸದಿಂದ ಓಡ್ಸವ್ರೆ, ಆ ಉರೀಗೆ ಏಳ್ತಾವಳೆ ಅನ್ಕಂಡೆ. ಆಪೀಸ್ನೋರು ಏಳಾದು ನಂಬ್ಬೇಕಾ, ಕೂಲೀಗೋಗೋಳು ಏಳಾದು ನಂಬ್ಬೇಕಾ?"

ಅವಳ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದವನೇ ನಾನು. "ಚಿಕ್ಕತಾಯಮ್ಮ, ಸಾರ್‌ಗೆ ಎಲ್ಲ ಹೇಳಿದ್ದೀನಿ. ನಾನು ಕೈ ತೊಳೆದದ್ದೂ ಹೇಳಿದ್ದೀನಿ. ಎಲ್ಲರೂ ಬರ್ಬೇಕಂತೆ, ಅವರೇ ಹೇಳಿ ಕಳಿಸಿದ್ದಾರೆ. ನನ್ನದು ತಪ್ಪಾಯಿತು ಕಣಮ್ಮ," ಎಂದೆ.

"ಎಂಟ್ ದಿನ ಎಲ್ಲೋಗಿದ್ರಣ್ಣ?" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ಬರೀ ಅಷ್ಟು ಕೇಳಿ ಬದುವಿನ ಕಳೆ ಕೀಳಲು ಹೋದಳು.

ಎರಡು ದಿನ ಬಿಟ್ಟು ಕೆಲಸಕ್ಕೆ ಬಂದಳು. ಮುಂದಿನ ಬೇಸಿಗೆ ಇಪ್ಪತ್ತು ಬಗೆಯನ್ನೂ ಮತ್ತೆ ಒಣಗಿಸಿದೆವು. ಚೀಟಿ ಎತ್ತಿದ ಜಾಗದಿಂದ ಕುಂಡ ಕದಲಿಸದಂತೆ ಸುತ್ತ ಸುಣ್ಣದ ಗೆರೆ ಎಳೆದದ್ದು ಅವಳೇ. ಊಟದ ಜಾಗ ಗೇಟಿನ ಹತ್ತಿರಕ್ಕೆ ಹೋಯಿತು. ಮೊದಮೊದಲು ಸತ್ತವುಗಳಲ್ಲಿ ಇಪ್ಪತ್ತೂ ಒಂದು. ಏಳು ಎಲ್ಲಕ್ಕಿಂತ ಮೊದಲು ಮಲಗಿ, ನೀರು ಕೊಟ್ಟ ಐದನೆಯ ದಿನ ನಾಲ್ಕೂ ಕುಂಡದಲ್ಲಿ ಎದ್ದಿತು. ಅದೇನು ದೊಡ್ಡ ತಳಿಯಾಗಿ ಹೆಸರು ಮಾಡಲಿಲ್ಲ, ತೆನೆ ಸಣ್ಣದು. ಆದರೆ ಅಂದಿನಿಂದ ನಮ್ಮ ಪುಸ್ತಕದಲ್ಲಿ ಎಷ್ಟು ದಿನ ಹಸಿರಾಗಿತ್ತು ಎಂಬ ಕಾಲಮ್ಮಿನ ಪಕ್ಕ, ನೀರು ಕೊಟ್ಟ ಮೇಲೆ ಏನಾಯಿತು ಎಂಬ ಇನ್ನೊಂದು ಕಾಲಮ್ಮು ಬಂತು. ಎಲೆಯೆಲ್ಲ ಕಳೆದುಕೊಂಡರೂ ಸುಳಿ ಉಳಿಸಿಕೊಂಡದ್ದನ್ನು ನಾವು ಇಷ್ಟು ವರ್ಷ ಸತ್ತವರ ಪಟ್ಟಿಗೆ ಸೇರಿಸುತ್ತ ಬಂದಿದ್ದೆವು.

ಈಗ ಕುಂಡದ ತಕ್ಕಡಿ ತಾನೇ ತೂಕ ಬರೆದುಕೊಳ್ಳುತ್ತದಂತೆ, ಮಣ್ಣಿಗೆ ಚುಚ್ಚಿದ ಕಡ್ಡಿ ಮೊಬೈಲಿಗೆ ಸುದ್ದಿ ಕಳಿಸುತ್ತದಂತೆ. ಒಳ್ಳೆಯದು. ಆದರೆ ತೂಕ ಇಳಿಯದಿದ್ದರೆ ಸಸಿಯನ್ನು ಹೊಗಳುವ ಮುಂಚೆ ಅಲ್ಲಿ ಯಾರು ಊಟ ಮಾಡುತ್ತಾರೆ ಎಂದು ಹೋಗಿ ನೋಡಿ. ನಿಮ್ಮ ಕೈಯನ್ನೂ ನೋಡಿಕೊಳ್ಳಿ. ಡಬ್ಬಿಯ ವಿಷಯ ಎಂದೆನಲ್ಲ, ಇದೇ.

ಮಾದಯ್ಯನ ಹೊಲ ಏನಾಯಿತು ಎಂದು ಹೇಳದೆ ಮುಗಿಸಿದರೆ ಅದೂ ಒಂದು ಸುಳ್ಳು ಸಹಿಯಾಗುತ್ತದೆ. ಅವನು ಬಿತ್ತಿದ ಆ ವರ್ಷವೇ ಪೈರು ಗೇಣುದ್ದವಾಗುವ ಹೊತ್ತಿಗೆ ಮಳೆ ನಿಂತಿತು. ಮೂರು ವಾರವಾದ ಮೇಲೆ ಒಂದು ಮಳೆ ಬಂತು. ಅದಾಗಿ ವಾರಕ್ಕೆ ಚಿಕ್ಕತಾಯಮ್ಮ, "ಅಣ್ಣ ಕರೀತಾವ್ನೆ, ಬಂದು ನೋಡ್ಬೇಕಂತೆ," ಎಂದಳು. ಇಬ್ಬರೂ ಹೋದೆವು. ಮೇಲಿನ ಪಟ್ಟಿಯಲ್ಲಿ ಅವರ ಮನೆ ರಾಗಿ ಕೆಳಗಿನ ಎಲೆ ಸುಟ್ಟುಕೊಂಡು, ಸುಳಿಯಿಂದ ಹೊಸ ಎಲೆ ಬಿಟ್ಟು ನಿಂತಿತ್ತು. ಕೆಳಗಿನ ಪಟ್ಟಿ ಅದಕ್ಕಿಂತ ಒಳ್ಳೆಯ ಮಣ್ಣು. ಅಲ್ಲಿ ಇಪ್ಪತ್ತನೇ ನಂಬರು ನೆಲಕ್ಕೆ ಅಂಟಿ ಹುಲ್ಲಾಗಿತ್ತು. ನಾನು ಕೂತು ಒಂದೊಂದೇ ಕಿತ್ತು ಸುಳಿ ಚಿವುಟಿ ನೋಡಿದೆ. ಹತ್ತು ನೋಡಿದೆ, ಇಪ್ಪತ್ತು ನೋಡಿದೆ. ಹಸಿ ಇದ್ದದ್ದು ಒಂದೂ ಇಲ್ಲ. ಎಂಟು ದಿನ ಮುಂಚೆ ಬಾಯಿ ಬಿಟ್ಟಿದ್ದರೆ ಈ ಪಟ್ಟಿಯೂ ಹಸಿರಾಗಿರುತ್ತಿತ್ತು.

"ಓಗ್ಲಿ ಬುಡಿ, ಉಳ್ಳಿಕಾಳು ಚೆಲ್ತೀನಿ," ಎಂದ ಮಾದಯ್ಯ. "ಬನ್ನಿ, ಉಂಡ್ಕಂಡು ಓಗೀವ್ರಂತೆ."

ಹೊಲದ ಮೂಲೆಯ ಹುಣಸೆ ಮರದ ನೆರಳಿಗೆ ಹೋದೆವು. ನಾನು ಅಲ್ಲೇ ನಿಂತುಬಿಟ್ಟೆ. ಮರದ ಪಕ್ಕ, ಕೆಳಗಿನ ಪಟ್ಟಿಯ ಅಂಚಿನಲ್ಲಿ, ಒಂದು ಚಾಪೆಯಗಲ ಜಾಗದಲ್ಲಿ ಇಪ್ಪತ್ತನೇ ನಂಬರಿನ ರಾಗಿ ಕಡು ಹಸಿರಾಗಿ ಮೊಣಕಾಲೆತ್ತರ ಬೆಳೆದು ತೂಗುತ್ತಿತ್ತು. ಬುಡದಲ್ಲಿ ಇರುವೆ ಸಾಲು.

ಚಿಕ್ಕತಾಯಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎಂಟು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಿದ ದಿನದಿಂದ ನನ್ನೆದುರು ನಗದಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ. ಏನೂ ಗೊತ್ತಾಗದ ಮಾದಯ್ಯ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡುತ್ತ ಮುದ್ದೆ ಬಡಿಸಿದ.

ಉಂಡಾದ ಮೇಲೆ ಅವಳೇ ಚೊಂಬು ಕೊಟ್ಟಳು. ನಾನು ಎಂಜಲು ಕೈ ಹಿಡಿದುಕೊಂಡು, ಎಲ್ಲಿ ತೊಳೆಯಲಿ ಎಂದು ತಿಳಿಯದೆ ಅತ್ತ ಇತ್ತ ನೋಡುತ್ತ ನಿಂತೆ.

"ಅಲ್ಲೇ ತೊಳ್ಕಳಿ ಅಣ್ಣ," ಎಂದಳು. "ಇಲ್ಲಿ ಯಾರೂ ಬರ್ಕಳಲ್ಲ."